ಬೆಂಕಿ ಕೇಳಿದವನಿಗೆ ಇಲ್ಲವೆನ್ನಬಾರದು

ಚಹಾದ ಗಂಟೆ ಬಾರಿಸಿದ್ದೇ ತಡ, ಗದಿಗೆಪ್ಪನ ಕಾಲರಿನ ಗುಂಡಿ ಕುಂಯ್‌ಗುಟ್ಟಿ ಕೆಂಪಾಯಿತು.

“ಅಯ್ಯ ನಿನ್ನ! ಮತ್ತ ಶುರು ಹಚ್ಚಿದಿ?” ಎಂದು ಅವನು ಅದನ್ನು ಗದರಿದ.

ಹುಬ್ಬಳ್ಳಿಯ ಆ ಎರಕದ ಕಾರ್ಖಾನೆಯಲ್ಲಿ ಈಗ ಬೀಡಿ ಬಿಡುವ ಪ್ರತಿಯೊಬ್ಬನ ಕಾಲರಿಗೂ ಇಂಥದೊಂದು ಗುಂಡಿ. ಹೆಸರು ಚಟಮಾಪಕ. ಕೆಟ್ಟ ಶ್ವಾಸಕೋಶಕ್ಕೆ ಔಷಧ ಕೊಡಿಸುವುದಕ್ಕಿಂತ ಬೀಡಿಯನ್ನೇ ಬಿಡಿಸುವುದು ಮೇಲೆಂದು ಆರೋಗ್ಯ ವಿಮಾ ಕಂಪನಿಗೆ ಕೊನೆಗೂ ಬುದ್ಧಿ ಬಂದಿತ್ತು. ಕುತ್ತಿಗೆಯ ನರಗಳಲ್ಲಿ ಬಯಕೆ ಮಿಡಿದೊಡನೆ ಗುಂಡಿ ಕೆಂಪಾಗಿ, ಶಮನತರಂಗವೊಂದನ್ನು ಬಿಡುತ್ತದೆ. ಬಯಕೆ ತಣಿದರೆ ಹಸಿರಾಗುತ್ತದೆ. ಗದಿಗೆಪ್ಪನದು ಮಾತ್ರ ಏನು ಮಾಡಿದರೂ ಹಸಿರಾಗಲೊಲ್ಲದು. ಇವತ್ತಿನ ತಪಾಸಣೆಯಲ್ಲೂ ಕೆಂಪಿದ್ದರೆ ಮನೆಮಂದಿಯ ವಿಮೆಯೂ ನಿಲ್ಲುತ್ತದೆ. ಮೊಣಕಾಲು ನೋವಿನಿಂದ ಹೊಸ್ತಿಲು ದಾಟಲಾರದ ಹೆಂಡತಿ ನಿಂಬೆವ್ವ ಆಪರೇಷನ್ನಿನ ದಾರಿ ಕಾಯುತ್ತಿದ್ದಳು. ಗದಿಗೆಪ್ಪ ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ತಪಾಸಣೆಗೆ ನಡೆದ.

ತಪಾಸಣೆಗೆ ಬಂದವರು ಚಟಮಾಪಕವನ್ನು ರೂಪಿಸಿದ ವಿಜ್ಞಾನಿ ಡಾ. ವಾರಿಜಾ.

“ರಕ್ತದಲ್ಲಿ ತಂಬಾಕಿನ ಸುಳಿವೇ ಇಲ್ಲ. ನಿಜ ಹೇಳಿ, ಬೀಡಿ ಬೇಕು ಅನ್ನಿಸುತ್ತಾ?”

“ಅದರ ವಾಸನಿ ಬಂದ್ರ ವಾಕರಿಕಿ ಬರ್ತೈತ್ರಿ. ಸುಳ್ಳ ಹೇಳಿದ್ರ ನನ್ನ ನಾಲಿಗಿ ಬಿದ್ದ ಹೋಗ್ಲಿ!”

“ಹಾಗಾದರೆ ಚಹಾದ ಹೊತ್ತಿಗೇ ಯಾಕೆ ಕೂಗುತ್ತೆ? ಮೊದಲೆಲ್ಲ ಆಗ ಏನು ಮಾಡ್ತಿದ್ರಿ?”

“ಹಿಂದಿನ ಹುಣಸಿಗಿಡದ ಕೆಳಗ ಹಜರೇಸಾಬನ ಕಡೆ ಬೆಂಕಿ ಇಸ್ಕೊಂತಿದ್ದೆ ನೋಡ್ರಿ.”

ಹಜರೇಸಾಬ ಅದೇ ಕುಲುಮೆಯ ಜೊತೆಗಾರ. ಒಂದು ಅಚ್ಚು ಒಡೆದದ್ದು ಯಾರ ತಪ್ಪೆಂದು ಜಗಳವಾಡಿ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆದರೆ ಎರಕದವರಲ್ಲಿ ಒಂದು ರೂಢಿ: ಹಗೆಯೇ ಆಗಲಿ, ಬೆಂಕಿ ಕೇಳಿದವನಿಗೆ ಇಲ್ಲವೆನ್ನಬಾರದು. ಹಾಗಾಗಿ ಗದಿಗೆಪ್ಪ ದಿನವೂ ಬೀಡಿ ಚಾಚುತ್ತಿದ್ದ, ಹಜರೇಸಾಬ ಕಡ್ಡಿ ಗೀರುತ್ತಿದ್ದ, ಇಬ್ಬರೂ ಮೂಕರ ಹಾಗೆ ಪಕ್ಕಪಕ್ಕ ಕೂತು ಸೇದುತ್ತಿದ್ದರು. ಬೀಡಿ ಹೋಯಿತು, ಅದರೊಂದಿಗೆ ಅಷ್ಟು ಒಡನಾಟವೂ ಹೋಯಿತು.

ವಾರಿಜಾ ಅವನನ್ನು ಕರೆದುಕೊಂಡು ನೇರ ಹುಣಸೆಮರದತ್ತ ನಡೆದರು. ಹಜರೇಸಾಬ ಕೊರಳಿಗೆ ರುಮಾಲು ಬಿಗಿದು ಒಬ್ಬನೇ ಕೂತಿದ್ದ.

“ಥಂಡಿ ಆಗೇತ್ರಿ,” ಎಂದ, ಬೆವರು ಒರೆಸಿಕೊಳ್ಳುತ್ತ. ವಾರಿಜಾ ರುಮಾಲು ಸರಿಸಿ ನೋಡಿದರೆ ಅವನ ಗುಂಡಿಯೂ ಕೆಂಪು!

ಗದಿಗೆಪ್ಪ ಕಣ್ಣರಳಿಸಿದ. ಇವನಿಗೂ ಬೇಕಾದದ್ದು ಬೀಡಿಯಲ್ಲ, ಜೊತೆ! ನಿಂಬೆವ್ವನ ಕಾಲನ್ನು ನೆನೆದು, ಬಿಗುಮಾನವನ್ನು ಗಾಳಿಗೆ ತೂರಿ ಕೈ ಚಾಚಿದ.

“ಬೆಂಕಿ ಕೊಡೋ.”

ಹಜರೇಸಾಬ ರೂಢಿಬಲದಿಂದ ಕಿಸೆಗೆ ಕೈಹಾಕಿ ಕಡ್ಡಿ ಗೀರಿದ. ಹಚ್ಚಲು ಏನೂ ಇರಲಿಲ್ಲ.

“ಏನ್ ಹಚ್ಚಲೋ ಹುಚ್ಚಪ್ಪ? ನಿನ್ನ ಮೀಸಿ?”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ನಿಲ್ಲುತ್ತಿದ್ದಂತೆ ಗದಿಗೆಪ್ಪ, “ಖರೇ ಹೇಳು, ಆ ಅಚ್ಚು ಒಡದಾಂವ ನೀನ ಹೌದಲ್ಲೋ?” ಎಂದ. “ನಾ ಅಲ್ಲ, ನೀನ!” ಎಂದು ಅವನು ರೇಗಿದ. ಜಗಳ ಬಿಟ್ಟಲ್ಲಿಂದಲೇ ಮುಂದುವರಿಯಿತು. ಎರಡೂ ಗುಂಡಿಗಳು ಹಸಿರಾದವು.

ಮುಂದೆ ವಾರಿಜಾರ ಶಿಫಾರಸಿನಂತೆ ವಿಮಾ ಚಿಕಿತ್ಸೆಗಳಲ್ಲಿ ‘ಮರದಡಿಯ ಹರಟೆ’ಯೂ ಸೇರಿತು. ನಿಂಬೆವ್ವನ ಆಪರೇಷನ್ನೂ ಸುಸೂತ್ರವಾಗಿ ಮುಗಿಯಿತು. ಆದರೆ ಅವಳು ಆ ಹೊಸ ಮೊಣಕಾಲು ಹೊತ್ತು ಮೊದಲು ಎಲ್ಲಿಗೆ ನಡೆದು ಬರುತ್ತಾಳೆಂದು ಯಾವ ವಿಜ್ಞಾನಿಯೂ ಊಹಿಸಿರಲಿಲ್ಲ. ಒಂದು ಸಂಜೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಹುಣಸೆಮರದಡಿ ಬಂದು ನಿಂತೇಬಿಟ್ಟಳು.

“ಏನ್ರೀ ಡಾಕ್ಟರಬಾಯಿ, ಬೀಡಿ ಆದ್ರ ಸುಟ್ಟು ತೀರ್ತಿತ್ತು, ಇವ್ರು ಮನಿಗೆ ಬರ್ತಿದ್ರು. ಈ ಹಾಳ ಮಾತು ತೀರೂದ ಇಲ್ಲ! ಈ ಚಟಾ ಬಿಡಸಾಕ ನಿಮ್ಮ ವಿಮಾದಾಗ ಏನರ ಐತೇನು?”

ಚಹಾ ಹಿಡಿದು ಅವರ ನಡುವೆಯೇ ಕೂತಿದ್ದ ವಾರಿಜಾ ತಬ್ಬಿಬ್ಬಾಗಿ, ಕಲ್ಲುಕಟ್ಟೆಯ ಮೇಲೆ ಸ್ವಲ್ಪ ಸರಿದು ಅವಳಿಗೂ ಜಾಗ ಮಾಡಿಕೊಟ್ಟರು.