ಮುಂದೆ ಹೋಗುವ ಮಾತು

"ನನ್ನ ಮಾರಿ ನೋಡಬ್ಯಾಡ್ರಿ ಸರ್, ಸ್ಕ್ರೀನ್ ನೋಡ್ರಿ," ಎಂದಳು ಪ್ರಭಾವತಿ, ತುಸು ಗಡುಸಾಗಿಯೇ.

ಸ್ಕ್ರೀನಿನ ಮೇಲೆ ಬದನೆಕಾಯಿಯ ಚಿತ್ರ. ಎದುರಿಗೆ ಕೂತ ಅಮರೇಶ ಮಾತ್ರ ಅವಳನ್ನೇ ನೋಡುತ್ತಿದ್ದ.

"ಏನಂತ ಗೊತ್ತೈತ್ರಿ. ಎಣಗಾಯಿ ಮಾಡ್ತಾರ. ಹೆಸರು ಬರವಲ್ದು. ನಿಮ್ಮ ತುಟಿ ನೋಡಿದ್ರ ಸಿಕ್ಕೀತು ಅಂತ..."

ಬೈದಿದ್ದಕ್ಕೆ ನಾಚಿ ಅವಳು ತಲೆ ತಗ್ಗಿಸಿದಳು.

ಮಗು ಮಾತು ಕಲಿಯುವ ದಾರಿಯನ್ನೂ, ಮಿದುಳಿನ ಕಾಯಿಲೆಯಲ್ಲಿ ಆ ಮಾತು ಕಳೆದುಹೋಗುವ ದಾರಿಯನ್ನೂ ಕಂಪ್ಯೂಟರಿಗೆ ಕಲಿಸುವುದು ಧಾರವಾಡದಲ್ಲಿ ಅವಳ ಸಂಶೋಧನೆ. ಅವನು ಬೈರಿದೇವರಕೊಪ್ಪದ ಹೈಸ್ಕೂಲಿನ ಕನ್ನಡ ಮಾಸ್ತರ. ನಲವತ್ತೆರಡಕ್ಕೇ ಆ ಕಾಯಿಲೆ ಹಿಡಿದು ಕೆಲಸ ಬಿಟ್ಟಿದ್ದ.

ಪ್ರತಿ ಶನಿವಾರ ತಪ್ಪದೆ ಬರುತ್ತಿದ್ದ. ಕಳೆದ ವಾರವಿದ್ದ ಹೆಸರು ಈ ವಾರ ಇರುತ್ತಿರಲಿಲ್ಲ. ಆದರೂ ನಗಿಸುತ್ತಿದ್ದ. ಕೊಡೆ ತೋರಿಸಿದರೆ "ಮಳಿ ತಡಿಯೂದು", ಗಡಿಯಾರ ತೋರಿಸಿದರೆ "ನನ್ನ ಮನಿಗೆ ಅಟ್ಟೂದು" ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳಿಗೆ ಶುಕ್ರವಾರ ರಾತ್ರಿಯ ನಿದ್ದೆ ಕಡಿಮೆಯಾಯಿತು.

"ಮುಂದ ಯಾವ ಶಬ್ದ ಹೋಗತೈತಂತ ನಿಮ್ಮ ಕಂಪ್ಯೂಟರಿಗೆ ಗೊತ್ತಲ್ರಿ?" ಒಂದು ದಿನ ಕೇಳಿದ.

ಕಂಪ್ಯೂಟರ್ ಕೊಟ್ಟ ಆ ಪಟ್ಟಿಯನ್ನು ಅವಳು ಬೆಳಿಗ್ಗೆಯಷ್ಟೇ ನೋಡಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ನನ್ನ ಹೆಸರು."

ಅವನು ಸ್ಕ್ರೀನು ಬಿಟ್ಟು ಅವಳತ್ತ ತಿರುಗಿದ. "ಹಂಗಾರ ಅದು ಹೋಗೂಕಿಂತ ಮೊದ್ಲ ಹೇಳಿಬಿಡ್ತೇನಿ. ಪ್ರಭಾವತಿ, ನೀವಂದ್ರ ನನಗ ಜೀವ. ಬ್ಯಾರೆ ಏನೂ ಕೇಳೂದಿಲ್ಲ. ನಾಳೆ ನಿಮ್ಮ ಗುರುತೂ ನನಗ ಇರಲಿಕ್ಕಿಲ್ಲ."

"ನನಗ ನಿಮ್ಮ ಗುರುತು ಇರತೈತಲ್ರಿ," ಎಂದಳು ಅವಳು, ಅಳುತ್ತಲೇ.

ಅಂದೇ ಮದುವೆಯ ಮಾತೂ ಆಯಿತು. ಮದುವೆಯಾಗುವವನ ಪರೀಕ್ಷೆಯ ತಪ್ಪುಗಳನ್ನು ತಾನೇ ಬರೆದುಕೊಳ್ಳಲಾರೆನೆಂದು ಅವನ ಫೈಲನ್ನು ಜೊತೆಗಾರ ಶಶಿಕುಮಾರನಿಗೆ ಒಪ್ಪಿಸಿದಳು. ಯುಗಾದಿಯ ನಂತರ ರಿಜಿಸ್ಟರ್ ಮದುವೆಯಾಯಿತು.

ಕಂಪ್ಯೂಟರಿನ ಲೆಕ್ಕ ಸುಳ್ಳಾಗಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಅವಳನ್ನು ಕರೆಯಲೆಂದು ಬಾಯಿ ತೆರೆದವನು ಹೆಸರು ಸಿಗದೆ ಹಾಗೇ ನಿಂತುಬಿಟ್ಟ. ಅವಳು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ದೀಪಾವಳಿಗೆ ಹಳೆಯ ವಿದ್ಯಾರ್ಥಿ ಯಾಸೀನ ಕಾಣಲು ಬಂದ. ಮಾಸ್ತರರ ಮದುವೆಯ ಸುದ್ದಿ ಅವನಿಗೆ ಮುಟ್ಟಿರಲಿಲ್ಲ.

"ಇವರು ಯಾರ್ರೀ ಸರ್?"

ಚಹದ ಕಪ್ಪು ಹಿಡಿದು ಪ್ರಭಾವತಿ ಬಾಗಿಲಲ್ಲೇ ನಿಂತಳು. ಅಮರೇಶ ಹೆಸರಿಗಾಗಿ ಹುಡುಕಿದ. ಹಣೆಯ ಮೇಲೆ ಬೆವರೊಡೆಯಿತು. ತಾನೇ ಹೇಳಿಬಿಡೋಣ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಅವನು ಎದ್ದು ಬಂದು ಅವಳ ಮುಂಗೈ ಹಿಡಿದ.

"ನಮ್ಮಾಕಿ," ಎಂದ.

ಅದೂ ಒಂದು ದಿನ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಚಹ ಆರಿಹೋಗುವವರೆಗೂ ಆ ಕೈ ಬಿಡಿಸಿಕೊಳ್ಳಲಿಲ್ಲ.