ಅರ್ಧ ಗೋಪುರದ ಸೀರೆ

ನಾಯಕನಹಟ್ಟಿಯ ಲಕ್ಷ್ಮಕ್ಕ ಟ್ರಂಕಿನ ಮುಚ್ಚಳ ಎತ್ತಿ ಒಳಗೆ ನೋಡಿದಳು. ಮುಚ್ಚಿದಳು. ಮತ್ತೆ ಎತ್ತಿದಳು. ಎರಡನೆಯ ಸಲವೂ ಸೀರೆ ಅಲ್ಲಿರಲಿಲ್ಲ. ನಲವತ್ತು ವರ್ಷದ ಹಿಂದೆ ಅತ್ತೆ ಅವಳ ಮದುವೆಗೆಂದು ತಂದಿದ್ದ, ಕೆಂಪು ಒಡಲಿನ, ಹಸಿರು ಗೋಪುರದಂಚಿನ ರೇಷ್ಮೆ ಸೀರೆ ಅದು. ಸುತ್ತಿದ್ದ ಬಿಳಿ ಪಂಚೆ ಮಾತ್ರ ಟ್ರಂಕಿನ ತಳದಲ್ಲಿ ಬಿದ್ದಿತ್ತು.

"ಯಾರು ತಗಂಡಿದ್ದು? ಈಗ್ಲೇ ಹೇಳ್ರಿ!" ಎಂದು ಅವಳು ಕೂಗಿದ್ದಕ್ಕೆ ಮೊಳಕಾಲ್ಮುರಿನ ಆ ನೇಕಾರರ ಓಣಿಯಲ್ಲಿ ನಾಲ್ಕು ಮನೆಯ ಮಗ್ಗ ನಿಂತವು.

ಟ್ರಂಕಿನ ಚಿಲಕದ ಮೇಲೆ ಬೂದು ಬಣ್ಣದ ಎರಡು ಬೆರಳ ಗುರುತು ಇತ್ತು. ಲಕ್ಷ್ಮಕ್ಕ ಅದನ್ನು ನೋಡಿದಳು, ಆಮೇಲೆ ಶಿವಮೂರ್ತಪ್ಪ ಮೇಷ್ಟ್ರ ಹಣೆ ನೋಡಿದಳು. ಅಲ್ಲಿ ಮೂರು ಗೆರೆ ವಿಭೂತಿ ಇತ್ತು. ಗಾಬರಿಯಲ್ಲಿ ಮೇಷ್ಟ್ರ ಕೈ ತಾನಾಗಿ ಹಣೆಗೆ ಹೋಯಿತು.

"ನೋಡ್ರಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗೆ! ಸೋಲ್ತೀನಿ ಅಂತ ಗೊತ್ತಾಯ್ತು, ಸೀರೇನೇ ಮಾಯ ಮಾಡಿದ್ರಿ. ನಾಲ್ಕು ಗಂಟೆ ಬಸ್ಸು ಹೊರಡೋದ್ರೊಳಗೆ ನನ್ ಸೀರೆ ಸಿಗ್ಲಿಲ್ಲ ಅಂದ್ರೆ ನಿಮ್ ಹೆಸ್ರು ಗುಂಪಿಗೆ ಹಾಕ್ತೀನಿ. ಇನ್ನೂರು ಜನ ಓದ್ಲಿ!"

ಮಹಾಂತೇಶ ಇಬ್ಬರ ನಡುವೆ ಬಂದು ನಿಂತ. ಮೇಷ್ಟ್ರು ಅವನಿಗೆ ಲೆಕ್ಕ ಕಲಿಸಿದವರು. ಮೂವತ್ನಾಲ್ಕು ವರ್ಷ ಪಾಠ ಹೇಳಿ, ಮಕ್ಕಳ ಒಂದು ಪೆನ್ಸಿಲನ್ನೂ ಮನೆಗೆ ಒಯ್ಯದ ಮನುಷ್ಯ. ಇವತ್ತು ಇಲ್ಲಿಗೆ ಬರಲೊಲ್ಲೆ ಎಂದಿದ್ದ ಅವರನ್ನು ಒತ್ತಾಯ ಮಾಡಿ ಬಸ್ಸು ಹತ್ತಿಸಿದವನು ಅವನೇ.

ಗುಂಪೆಂದರೆ ವಾಟ್ಸಾಪಿನ 'ಸೀರೆ ಪೆಟ್ಟಿಗೆ'. ಅಜ್ಜಿಯರ ಕಾಲದ ಸೀರೆಗಳ ಫೋಟೋ ಹಾಕಿ, ಇದು ಯಾವ ಊರಿನದು, ಯಾವ ಕಾಲದ್ದು ಎಂದು ಹಗಲೆಲ್ಲ ಜಗಳಾಡುವ ಹುಚ್ಚರ ಸಂತೆ. ಅದನ್ನು ಶುರುಮಾಡಿದವನು ಚಳ್ಳಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮಹಾಂತೇಶ. ಅದರ ಪತ್ತೇದಾರಿಣಿ ಅವನ ಪಕ್ಕದ ಅಂಗಡಿಯ ಸೂರಮ್ಮ. ನಲವತ್ತು ವರ್ಷ ರವಿಕೆ ಹೊಲಿದ ಕಣ್ಣು ಅವರದು. ಯಾರೋ ಒಬ್ಬರು 'ನಮ್ಮಜ್ಜಿಯ ಸೀರೆ' ಎಂದು ಜಂಬ ಕೊಚ್ಚಿದಾಗ, ಫಾಲಿನ ಹೊಲಿಗೆ ನೋಡಿ, "ಅಜ್ಜಿ ಹೋದ್ಮೇಲೆ ಹೊಲಿಸಿದ್ದು, ಅದೂ ನನ್ನ ಅಂಗಡೀಲೇ" ಎಂದು ಬರೆದು ಬಾಯಿ ಮುಚ್ಚಿಸಿದ್ದರು. ಅಂದಿನಿಂದ ಏನೇ ತಕರಾರು ಬರಲಿ, "ಸೂರಮ್ಮ ನೋಡಿದ್ರಾ?" ಎನ್ನುವುದು ಗುಂಪಿನ ರೂಢಿಯಾಯಿತು.

ತಿಂಗಳ ಹಿಂದೆ ಲಕ್ಷ್ಮಕ್ಕ ಸೀರೆಯ ಫೋಟೋ ಹಾಕಿ 'ಅಸಲಿ ಮೊಳಕಾಲ್ಮುರು' ಎಂದು ಬರೆದಿದ್ದಳು. ಮೇಷ್ಟ್ರು ಉತ್ತರಿಸಿದರು: "ಸೆರಗಿನ ಮೂಲೆ ನೋಡಿ. ಅಂಚಿನಲ್ಲಿ ಒಂದು ಗೋಪುರ ಅರ್ಧಕ್ಕೇ ನಿಂತಿದೆ. ಮೊಳಕಾಲ್ಮುರಿನ ನೇಕಾರ ಇಂಥ ತಪ್ಪು ಮಾಡುವುದಿಲ್ಲ. ಇದು ಬೇರೆ ಊರಿನದು."

"ಮೇಷ್ಟ್ರೇ, ನಿಮ್ ಹಲ್ಲಿನ ಸೆಟ್ಟೂ ಬೇರೆ ಊರಿಂದೇ. ಹಂಗಂತ ಬಾಯಿ ನಿಮ್ದಲ್ವಾ?" ಎಂದಳು ಲಕ್ಷ್ಮಕ್ಕ.

ಇಡೀ ಗುಂಪು ನಕ್ಕು ಎರಡು ಪಾಲಾಯಿತು. ಅರ್ಧ ಗೋಪುರದ ಪಕ್ಷ, ಲಕ್ಷ್ಮಕ್ಕನ ಪಕ್ಷ. ಕೊನೆಗೆ, ಗುಂಪಿನಲ್ಲೇ ಇರುವ ನೇಕಾರ ಪೆದ್ದಣ್ಣನ ಮನೆಗೆ ಸೀರೆ ಒಯ್ದು ಅವನ ಬಾಯಲ್ಲೇ ತೀರ್ಪು ಹೇಳಿಸುವುದೆಂದು ನಿರ್ಧಾರವಾಯಿತು. ಹಾಗೆ ಭಾನುವಾರ ಬೆಳಗ್ಗೆ ಲಕ್ಷ್ಮಕ್ಕ, ಮೇಷ್ಟ್ರು, ಸೂರಮ್ಮ, ಮಹಾಂತೇಶ ನಾಲ್ವರೂ ಮೊಳಕಾಲ್ಮುರಿನಲ್ಲಿ ಇಳಿದಿದ್ದರು.

ಮನೆಯ ಒಳಕೋಣೆಯಲ್ಲಿ ಗುಂಡಿ ಮಗ್ಗ. ಪೆದ್ದಣ್ಣನ ಹೆಂಡತಿ ಗೀತಮ್ಮ ಅದರ ಹಿಂದೆ ಕೂತು ಹಳೆಯ ಹಾಸಿನ, ಎಂದರೆ ಮಗ್ಗದ ಉದ್ದೆಳೆಗಳ, ತುದಿಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಿದ್ದಳು. ರೇಷ್ಮೆ ಜಾರದಿರಲೆಂದು ತೆಂಗಿನ ಚಿಪ್ಪಿನಲ್ಲಿದ್ದ ಬೂದಿಗೆ ಆಗಾಗ ಬೆರಳು ಅದ್ದುತ್ತಿದ್ದಳು. ಕೆಚ್ಚುವುದು ಎಂದರೆ ಇದೇ. ಸಾವಿರಾರು ಎಳೆಯ ಕೆಲಸ, ಎದ್ದರೆ ಲಯ ತಪ್ಪುತ್ತದೆ ಎಂದು ಅವಳು ಕೂತಲ್ಲಿಂದಲೇ "ಬರ್ರಿ" ಎಂದಿದ್ದಳು.

"ನಿನ್ನೆ ತಾನೇ ಮಗ್ಗದಿಂದ ಸೀರೆ ಕೊಯ್ದು ಕೊಟ್ಟೆ. ಇವಳು ಕೆಚ್ಚಿ ಮುಗ್ಸೋವರೆಗೂ ನಂಗೆ ರಜಾ!" ಎಂದು ಪೆದ್ದಣ್ಣ ನಕ್ಕ. ಮಹಾಂತೇಶ ಮಗ್ಗದ ಫೋಟೋ ತೆಗೆದು ಗುಂಪಿಗೆ ಹಾಕಿದ. "ಮಗ್ಗಕ್ಕೆ ಇವತ್ತು ಉಪವಾಸವಾ?" ಎಂದು ಯಾರೋ ಕಿಚಾಯಿಸಿದರು.

ಪೆದ್ದಣ್ಣ ಸೀರೆಯ ಮಡಿಕೆಯನ್ನು ಅರೆಬರೆ ಸರಿಸಿ ನೋಡಿ, "ಮೇಷ್ಟ್ರು ಅನ್ನೋದು ಸರಿ ಅನ್ಸುತ್ತೆ. ಈ ಅರ್ಧ ಗೋಪುರ ನಮ್ಮೋರ ಕೈಕೆಲಸ ಅಲ್ಲ. ಉಂಡ್ಮೇಲೆ ಪೂರ್ತಿ ಬಿಚ್ಚಿ ನೋಡಿ ಹೇಳ್ತೀನಿ" ಎಂದ. ಅದೇ ಹೊತ್ತಿಗೆ ಗೀತಮ್ಮನ ಕೈಯಲ್ಲಿದ್ದ ಎಳೆ ಪಟ್ಟೆಂದು ತುಂಡಾಯಿತು. "ಥೂ" ಎಂದು ಅವಳು ಮತ್ತೆ ಬೂದಿಗೆ ಬೆರಳಿಟ್ಟಳು.

ಟ್ರಂಕನ್ನು ನಡುಮನೆಯಲ್ಲಿಟ್ಟು ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತರು. ಲಕ್ಷ್ಮಕ್ಕ ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಗೀತಮ್ಮ ಮಾತ್ರ "ಆಮೇಲೆ ಉಣ್ತೀನಿ" ಎಂದು ಮಗ್ಗ ಬಿಡಲಿಲ್ಲ. ನಡುವೆ ಎದ್ದವರು ಮೇಷ್ಟ್ರೊಬ್ಬರೇ. ಕೈ ತೊಳೆಯಲು ನಡುಮನೆ ದಾಟಿ ಹಿತ್ತಲಿಗೆ ಹೋದವರು ಮಗಳ ಫೋನು ಬಂತೆಂದು ಹತ್ತು ನಿಮಿಷ ಅಲ್ಲೇ ನಿಂತಿದ್ದರು. ಲಕ್ಷ್ಮಕ್ಕನ ಲೆಕ್ಕಕ್ಕೆ ಅಷ್ಟೇ ಸಾಕಾಗಿತ್ತು.

ಮೇಷ್ಟ್ರು ಈಗ ತಮ್ಮ ಕೈಚೀಲ ತಂದು ಎಲ್ಲರ ಮುಂದೆ ಸುರಿದರು. ಕನ್ನಡಕದ ಡಬ್ಬಿ, ಬಿಪಿ ಮಾತ್ರೆ, ಒಂದು ಟವೆಲು. ಅದನ್ನು ನೋಡಿ ಮಹಾಂತೇಶನಿಗೆ ಅಳುವೇ ಬಂತು.

"ಚೀಲ ತುಂಬ್ಕಳಿ ಮೇಷ್ಟ್ರೇ," ಎಂದರು ಸೂರಮ್ಮ. "ಮಹಾಂತೇಶ, ಬಾ. ಮನೆ ಹುಡುಕಾಣ."

ಅಟ್ಟ, ಅಕ್ಕಿ ಡಬ್ಬ, ಹಿತ್ತಲ ಸೌದೆ, ಮಗ್ಗದ ಗುಂಡಿ ಎಲ್ಲ ಹುಡುಕಿದ್ದಾಯಿತು. ಎಲ್ಲೂ ಇಲ್ಲ. ಮಗ್ಗದ ಕೋಣೆಯಲ್ಲಿ ಸೂರಮ್ಮ ಗೀತಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಯಾರಾದ್ರೂ ಈ ಕಡೆ ಬಂದ್ರೇನಮ್ಮ?"

"ನಾ ತಲೆ ಎತ್ತಿಲ್ಲಕ್ಕ. ಕೂತಲ್ಲಿಂದ ಎದ್ದೂ ಇಲ್ಲ."

"ಅಂಚಿನ ಹಸಿರು ಮುಗೀತಾ?"

"ಊಟಕ್ಕೆ ಮುಂಚೇನೇ ಮುಗೀತು. ಕೆಂಪು ನಡೀತೈತೆ."

ಸೂರಮ್ಮ ಹೊಸೆದಿದ್ದ ಕೆಂಪು ಎಳೆಗಳ ಮೇಲೆ ಬೆರಳಿಟ್ಟು ಅಳೆದರು. ಎರಡು ಬೆರಳಗಲ. ಆಮೇಲೆ ಮಹಾಂತೇಶನ ಫೋನು ಇಸಿದುಕೊಂಡು ಬೆಳಗಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಮೂರೂವರೆ ಆಗಿತ್ತು. ಲಕ್ಷ್ಮಕ್ಕ ಆಗಲೇ ಗುಂಪಿನಲ್ಲಿ ಏನೋ ಬರೆಯುತ್ತಿದ್ದಳು.

"ಲಕ್ಷ್ಮಕ್ಕ, ಆ ಬೆರಳು ಸ್ವಲ್ಪ ತಡೀರಿ," ಎಂದರು ಸೂರಮ್ಮ. "ಎಲ್ಲಾರೂ ಇಲ್ಲೇ ಬರ್ರಿ, ಮಗ್ಗದ ಹತ್ರ."

ಎಲ್ಲರೂ ಬಂದು ಗೋಡೆಗೆ ಒರಗಿದರು. ಸೂರಮ್ಮ ಸೆರಗು ಸಿಕ್ಕಿಸಿಕೊಂಡರು. ಹಾಗೆ ಸಿಕ್ಕಿಸಿಕೊಂಡರೆಂದರೆ ಕಗ್ಗಂಟು ಬಿಚ್ಚಿತೆಂದೇ ಅರ್ಥ, ಮಹಾಂತೇಶನಿಗೆ ಅದು ಗೊತ್ತು. ಅವನಿಗೆ ಅರ್ಧ ಜೀವ ಬಂತು.

"ಮೊದ್ಲು ಚಿಲಕದ ಗುರುತು. ವಿಭೂತಿ ಹಚ್ಚೋದು ಮೂರು ಬೆರಳಿಂದ, ಬೆಳಗ್ಗೆ. ಆಮೇಲೆ ಮೇಷ್ಟ್ರು ಎಷ್ಟು ಸಲ ಕೈ ತೊಳೆದ್ರೋ! ವಿಭೂತಿ ಬೆಳ್ಳಗೆ, ನುಣ್ಣಗೆ ಇರ್ತೈತೆ. ಇದು ಬೂದು, ಮುಟ್ಟಿದ್ರೆ ತರಿತರಿ. ಹೆಬ್ಬೆರಳು, ತೋರುಬೆರಳಿನ ಗುರುತು. ಎಳೆ ಹೊಸೆಯೋದು ಆ ಎರಡೇ ಬೆರಳು."

ಗೀತಮ್ಮನ ಕೈ ನಿಂತಿತು.

"ಎರಡ್ನೇದು, ಎಳೆ ಸುಳ್ಳು ಹೇಳಲ್ಲ. ಊಟಕ್ಕೆ ಮುಂಚೆ ಹಸಿರು ಮುಗೀತಂತೆ. ಒಂದು ಗಂಟೆಯಲ್ಲಿ ಒಂದು ಗೇಣಾದ್ರೂ ಕೆಂಪು ಆಗ್ಬೇಕು. ಆಗಿದ್ದು ಎರಡು ಬೆರಳು. ಕೂತಲ್ಲಿಂದ ಎದ್ದಿಲ್ಲ ಅಂದ್ರೆ ಕೈ ಏನು ಮಾಡ್ತಿತ್ತು?"

"ಹಂಗಾದ್ರೆ ಸೀರೆ ಎಲ್ಲೈತೆ?" ಎಂದಳು ಲಕ್ಷ್ಮಕ್ಕ. ಅವಳ ದನಿ ಅರ್ಧಕ್ಕೆ ಇಳಿದಿತ್ತು.

"ಬೆಣ್ಣೆ ಕೈಯಲ್ಲಿಟ್ಕಂಡು ತುಪ್ಪಕ್ಕೆ ಊರೆಲ್ಲ ಅಲೆದ್ವಿ. ಪೆದ್ದಣ್ಣ, ನಿನ್ನೆ ಸೀರೆ ಕೊಯ್ದು ಕೊಟ್ಟೆ ಅಂದಿಯಲ್ಲ. ಹೊಸ ಹಾಸು ಇನ್ನೂ ಕೆಚ್ಚೇ ಮುಗಿದಿಲ್ಲ. ಹಂಗಿದ್ಮೇಲೆ ನಿನ್ ಮಗ್ಗದಾಗೆ ನೇಯ್ದ ಬಟ್ಟೆ ಎಲ್ಲಿಂದ ಬಂತು?"

ಅವರು ಬೆಳಗಿನ ಫೋಟೋ ತೋರಿಸಿದರು. ನೇಯ್ದ ಬಟ್ಟೆ ಸುತ್ತುವ ಮರ ಅದರಲ್ಲಿ ಬರಿದಾಗಿತ್ತು. ಉಪವಾಸದ ಮಗ್ಗ! ಈಗ ಕಣ್ಣೆದುರಿಗಿದ್ದ ಅದೇ ಮರವೋ ಹಳೆಯ ಪಂಚೆಯೊಂದನ್ನು ಹೊದ್ದು ತೋಳಿನಷ್ಟು ದಪ್ಪಗಾಗಿತ್ತು. ಹುಡುಕುವಾಗ ಮಹಾಂತೇಶ ಅದರ ಮೇಲೆಯೇ ಕೈಯೂರಿ ಗುಂಡಿಯೊಳಗೆ ಬಗ್ಗಿ ನೋಡಿದ್ದ. ಮಗ್ಗದಲ್ಲಿ ಬಟ್ಟೆ ಇರುವುದು ಯಾರ ಕಣ್ಣಿಗೂ ವಿಶೇಷವೆನಿಸಿರಲಿಲ್ಲ. ಪೆದ್ದಣ್ಣ ಪಂಚೆ ಸರಿಸಿದ. ಕೆಂಪು ರೇಷ್ಮೆ ಹೊಳೆಯಿತು.

"ಏಮಿ ಪನಿ ಚೇಸ್ತಿವೇ?" ಇದೆಂಥ ಕೆಲಸ ಮಾಡಿದೆಯೆಂದು ಪೆದ್ದಣ್ಣ ಮನೆಮಾತಾದ ತೆಲುಗಿನಲ್ಲೇ ಗದರಿದ.

"ಗದರಬ್ಯಾಡ," ಎಂದರು ಸೂರಮ್ಮ. "ಕದಿಯೋರು ಊರಾಚೆ ಸಾಗಿಸ್ತಾರೆ. ಇವಳು ನಿನ್ ತೀರ್ಪು ತಪ್ಪಿಸಿದ್ಲು, ಅಷ್ಟೇ. ಅರ್ಧ ಗೋಪುರ ನಮ್ಮೋರದಲ್ಲ ಅಂತ ನೀನಂದಾಗ ಇವಳ ಕೈಯಾಗಿನ ಎಳೆ ಹರೀತು. ನಾ ನೋಡ್ದೆ. ಯಾಕಮ್ಮ ಗೀತಾ?"

ಗೀತಮ್ಮ ಬೂದಿಯ ಬೆರಳುಗಳನ್ನು ಮಡಿಲಲ್ಲಿ ಒರೆಸಿಕೊಂಡಳು.

"ಅದನ್ನ ನೇಯ್ದೋಳು ನಮ್ಮವ್ವ. ಅಪ್ಪನ ಕಾಲು ಮುರಿದು ಗುಂಡಿಗೆ ಇಳಿಯಾಕೆ ಆಗ್ತಿರಲಿಲ್ಲ. ಹೆಂಗಸು ನೇಯ್ದಿದ್ದು ಅಂದ್ರೆ ಆವಾಗ ಸಾವ್ಕಾರ ಮುಟ್ತಿರಲಿಲ್ಲ. ಕದ ಹಾಕ್ಕಂಡು ಅವ್ವ ನೇಯ್ದಳು, ನಾ ಎಳೆ ಕೆಚ್ಚಿದೆ. ಹತ್ತು ವರ್ಷದೋಳಿದ್ದೆ. ಹೋಗಿದ್ದು ಮಾತ್ರ ಅಪ್ಪನ ಹೆಸರಾಗೆ. ಯಾರಿಗೂ ಹೇಳಬ್ಯಾಡ ಅಂತ ಅವ್ವ ಆಣೆ ಇಕ್ಕಿಸ್ಕಂಡಿದ್ಲು. 'ಪೂರ್ತಿ ಇರೋ ಗೋಪುರ ಎಲ್ಲಾ ನಿಮ್ಮಪ್ಪಂದು, ಈ ಅರ್ಧ ನಂದು' ಅಂತಿದ್ಲು. ಫೋನಾಗೆ ಒಂದು ತಿಂಗಳು ಅದನ್ನೇ ತಪ್ಪು, ತಪ್ಪು ಅಂದ್ರಿ. ಇವತ್ತು ನನ್ ಗಂಡನ ಬಾಯಾಗೂ ಅದೇ ಬಂತು. ತಡಿಯಾಕೆ ಆಗ್ಲಿಲ್ಲ. ನೀವೆಲ್ಲ ಹೋದ್ಮೇಲೆ ನಾನೇ ನಾಯಕನಹಟ್ಟಿಗೆ ಬಂದು ಕೊಡಾಣ ಅಂತಿದ್ದೆ. ಮೇಷ್ಟ್ರ ತಲೆ ಮೇಲೆ ಬರ್ತೈತೆ ಅಂದ್ಕಂಡಿರಲಿಲ್ಲ. ತಪ್ಪಾಯ್ತು ಮೇಷ್ಟ್ರೇ."

"ನಿಮ್ಮವ್ವಂದೇ ಅಂತ ಹೆಂಗೆ ನಂಬೋದು?" ಲಕ್ಷ್ಮಕ್ಕ ಕೇಳಿದಳು, ಆದರೆ ಮೆಲ್ಲಗೆ.

"ಫೋಟೋದಾಗಿರೋದು ಸೆರಗಿನ ಮೂಲೇದು ಒಂದೇ. ಒಳತುದೀಲಿ, ಎದುರು ಅಂಚಿಗೆ, ಇನ್ನೊಂದು ಅರ್ಧ ಐತೆ. ಬಿಚ್ಚಿ ನೋಡ್ರಿ."

ಲಕ್ಷ್ಮಕ್ಕ ನಲವತ್ತು ವರ್ಷ ಉಟ್ಟು, ಮಡಚಿ, ಬಿಸಿಲಿಗೆ ಹಾಕಿದ ಸೀರೆ. ಆ ತುದಿ ಸದಾ ನಡುವಿಗೆ ಸಿಕ್ಕಿಸುವ ಕಡೆಯದು, ಅವಳು ಎಂದೂ ನೋಡಿದವಳಲ್ಲ. ಈಗ ಮರದಿಂದ ಬಿಚ್ಚಿ ತುದಿಗೆ ಬಂದಳು. ಹಸಿರು ಗೋಪುರಗಳ ಸಾಲಿನ ಕೊನೆಯಲ್ಲಿ ಇನ್ನೊಂದು ಅರ್ಧಕ್ಕೇ ನಿಂತಿತ್ತು.

ಲಕ್ಷ್ಮಕ್ಕ ಆ ಅರ್ಧ ಗೋಪುರದ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು ಮೇಷ್ಟ್ರ ಕಾಲು ಮುಟ್ಟಿ, "ಬಾಯಿ ಜಾಸ್ತಿ ಆಯ್ತು, ಮನಸ್ಸಿಗೆ ಹಚ್ಕಬ್ಯಾಡ್ರಿ" ಎಂದಳು. ಸೀರೆಯನ್ನು ತಂದು ಗೀತಮ್ಮನ ಮಡಿಲಿಗೆ ಹಾಕಿ ಪಕ್ಕದಲ್ಲೇ ಕೂತಳು. "ಬೂದಿ ಕೈ ಆದ್ರೂ ಆಗ್ಲಿ, ಮುಟ್ಟು."

"ಜೀವಮಾನವೆಲ್ಲ ತಪ್ಪಿಗೆ ಕೆಂಪು ಗೆರೆ ಎಳೆದವನು ನಾನು," ಎಂದರು ಮೇಷ್ಟ್ರು. "ಇದೊಂದು ಸರಿಗೂ ಎಳೆದುಬಿಟ್ಟೆ." ಗೀತಮ್ಮನ ಹತ್ತಿರ ಅವಳ ಅವ್ವನ ಹೆಸರು ಕೇಳಿಕೊಂಡು, ಫೋನು ತೆಗೆದು ಒಂದೊಂದೇ ಅಕ್ಷರ ಒತ್ತಿ ಗುಂಪಿಗೆ ಬರೆದು, ಎಲ್ಲರಿಗೂ ಕೇಳುವಂತೆ ಓದಿದರು:

"ನಾನು ಸೋತಿದ್ದೇನೆ. ಲಕ್ಷ್ಮಕ್ಕನವರ ಸೀರೆ ಮೊಳಕಾಲ್ಮುರಿನದೇ. ಅರ್ಧ ಗೋಪುರ ತಪ್ಪಲ್ಲ, ರುಜು. ನೇಯ್ದವರು ಓಬಳಮ್ಮ."

ಇನ್ನೂರು ಫೋನುಗಳಿಂದ ಕೈ ಮುಗಿಯುವ ಚಿತ್ರಗಳು ಬರತೊಡಗಿದವು. ಗೀತಮ್ಮ ಅದನ್ನು ನೋಡಲಿಲ್ಲ.

"ಮೇಷ್ಟ್ರೇ," ಎಂದಳು, "ಹೆಸ್ರೊಂದನ್ನ ಇನ್ನೊಂದ್ಸಲ ಓದ್ರಿ."

ನಾಲ್ಕು ಗಂಟೆಯ ಬಸ್ಸು ಹೊರಟ ಸದ್ದು ಕೇಳಿಸಿತು. ಯಾರೂ ಏಳಲಿಲ್ಲ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು.