ನೀರುಚಿಗಟಗಳ ಸಾಕ್ಷಿ

ಬೆಳಗಿನ ವಾಕಿಂಗ್‌ಗೆ ಬಂದವರು ಕೆರೆಯಂಚಿನಲ್ಲಿ ತೇಲುತ್ತಿದ್ದ ಹೆಣ ಕಂಡು ಪೊಲೀಸರಿಗೆ ಫೋನ್ ಮಾಡಿದರು. ಸತ್ತವರು ಕೃಷ್ಣಮೂರ್ತಿಪುರಂನ ನಿವೃತ್ತ ಮೇಷ್ಟರು ಕೃಷ್ಣಸ್ವಾಮಿ. ಶ್ವಾಸಕೋಶದ ತುಂಬ ನೀರು. ಕುತ್ತಿಗೆಯ ಹಿಂದೆ ಬೆರಳೊತ್ತಿದ ಗುರುತು.

ಹಿಂದಿನ ಸಂಜೆ ಅದೇ ಕೆರೆಯಲ್ಲಿ ಕದ್ದು ಮೀನು ಹಿಡಿಯುತ್ತಿದ್ದ ರಾಜೀವನಗರದ ಪ್ರೇಮ್‌ಕುಮಾರನೊಂದಿಗೆ ಅವರು ಜಗಳವಾಡಿದ್ದರು. ಪೊಲೀಸರು ಅವನನ್ನೇ ಹಿಡಿದರು.

"ಬೈದಿದ್ದು ನಿಜ ಮೇಡಂ. ಮುಟ್ಟಿಲ್ಲ," ಎಂದ ಅವನು ಇನ್‌ಸ್ಪೆಕ್ಟರ್ ಧರಣಿಯ ಮುಂದೆ.

ಮನೆಯಲ್ಲಿ ಮೇಷ್ಟರ ಜೊತೆಗಿದ್ದವನು ಅವರ ಅಣ್ಣನ ಮಗ ಪ್ರದ್ಯುಮ್ನ. ಚಿಕ್ಕಪ್ಪ ಮನೆಗೆ ಬಂದು ಊಟ ಮಾಡಿ, ನಿದ್ದೆ ಬರಲಿಲ್ಲವೆಂದು ಮತ್ತೆ ಕೆರೆ ಕಡೆ ಹೋದರೆಂದು ಹೇಳಿದ. ಧರಣಿಗೆ ಅದು ಸರಿಬರಲಿಲ್ಲ. ಹೆಣದ ಮೇಲಿದ್ದದ್ದು ಹರಿದ ಪಂಚೆ. ಇಸ್ತ್ರಿಯಿಲ್ಲದ ಷರಟು ತೊಟ್ಟು ಬೀದಿಗಿಳಿಯದ ಮನುಷ್ಯ ಅದನ್ನುಟ್ಟು ಕೆರೆಗೆ ಹೋದರೇ?

*

ಶ್ವಾಸಕೋಶದ ನೀರಿನಲ್ಲಿ ಸಾಸಿವೆಗಿಂತ ಚಿಕ್ಕ ಜೀವಿಗಳಿದ್ದವು. ಮೈಸೂರಿನ ಕೆರೆಗಳ ಜೀವಿಗಳನ್ನು ಅಧ್ಯಯನ ಮಾಡುತ್ತಿದ್ದ ವಿಭಾ ನೋಡಿದೊಡನೆ ಗುರುತಿಸಿದಳು. ನೀರುಚಿಗಟ, ಸಿಗಡಿಯ ದೂರದ ನೆಂಟ. ಆ ಕೆರೆಯಲ್ಲಿರುವ ಜಾತಿಯೇ.

ಪ್ರೇಮ್‌ಕುಮಾರನ ಕುತ್ತಿಗೆಗೆ ಕುಣಿಕೆ ಬಿಗಿಯಿತು ಎಂದುಕೊಂಡಳು ಧರಣಿ. ವಿಭಾ ಮಾತ್ರ ಡಿಎನ್‌ಎ ನೋಡೋಣವೆಂದಳು. ವಾರ ಕಳೆದು ಫೋನ್ ಬಂತು.

"ಕೆರೇಲಿ ಹತ್ತಾರು ವಂಶ ಬೆರೆತಿವೆ ಕಣ್ರೀ. ಇವೆಲ್ಲ ಒಂದೇ ಅಚ್ಚು, ಗಂಡಿಲ್ಲದೆ ಒಂದೇ ತಾಯಿಯಿಂದ ಬೆಳೆದ ಸಂತಾನ. ಕೆರೇಲಿ ಈ ವಂಶವೇ ಸಿಕ್ಕಿಲ್ಲ. ಇದು ಯಾವುದೋ ಸಣ್ಣ ತೊಟ್ಟಿ ನೀರು."

*

ಮೇಷ್ಟರ ಹಿತ್ತಿಲಲ್ಲಿ ತಾವರೆ ತೊಟ್ಟಿಯೊಂದಿತ್ತು. ಈಗ ಬರಿದು. ಬ್ಲೀಚಿಂಗ್ ಪೌಡರಿನ ಘಾಟು. ಸೊಳ್ಳೆ ಕಾಟಕ್ಕೆ ತೊಳೆಸಿದೆನೆಂದ ಪ್ರದ್ಯುಮ್ನ.

ಧರಣಿ ಪಕ್ಕದ ಮನೆಯ ಗಿರಿಜಾಂಬಾರನ್ನು ವಿಚಾರಿಸಿದಳು. ಮೇಷ್ಟರು ಪ್ರೀತಿಯಿಂದ ಬೆಳೆಸಿದ ತಾವರೆಯನ್ನು ಅವನು ಬಿಸಾಡಲು ಹೊರಟಾಗ, ಮನಸ್ಸು ತಡೆಯದೆ ತೊಟ್ಟಿಯ ನೀರು, ಕೆಸರಿನ ಸಮೇತ ತಂದು ಟಬ್ಬಿಗೆ ಹಾಕಿಕೊಂಡಿದ್ದೇನೆ ಎಂದರು ಆಕೆ.

ಟಬ್ಬಿನಲ್ಲಿ ನೀರುಚಿಗಟಗಳು ಜಿಗಿಯುತ್ತಿದ್ದವು. ಡಿಎನ್‌ಎ ಪರೀಕ್ಷೆಯಲ್ಲಿ ಅದೇ ವಂಶ. ಅದೇ ಅಚ್ಚು.

*

ಸ್ಟೇಷನ್ನಿನಲ್ಲಿ ಪ್ರದ್ಯುಮ್ನ ಕೊನೆಯವರೆಗೂ ವಾದಿಸಿದ. "ಚಿಕ್ಕಪ್ಪ ದಿನಾ ಆ ತೊಟ್ಟೀಲಿ ಕೈಯಾಡಿಸ್ತಿದ್ರು ಮೇಡಂ."

"ಕೈಯಾಡಿಸಿದ ನೀರು ಶ್ವಾಸಕೋಶಕ್ಕೆ ಹೋಗಲ್ಲ ಪ್ರದ್ಯುಮ್ನ. ತಲೆ ಅದುಮಿದ್ರೆ ಮಾತ್ರ ಹೋಗತ್ತೆ."

ಧರಣಿ ಒಂದೊಂದಾಗಿ ಬಿಡಿಸಿಟ್ಟಳು. ಮೇಷ್ಟರು ಮನೆಯನ್ನು ಹೆಣ್ಣುಮಕ್ಕಳ ಹಾಸ್ಟೆಲಿಗೆ ಬರೆದುಕೊಡಲು ನಿರ್ಧರಿಸಿದ್ದರು. ಮಾತಿಗೆ ಮಾತು ಬೆಳೆದಾಗ ಇವನು ಅವರನ್ನು ತೊಟ್ಟಿಯಲ್ಲಿ ಅದುಮಿದ. ಸಂಜೆಯ ಜಗಳ ಊರಿಗೇ ಗೊತ್ತಿದ್ದರಿಂದ ಹೆಣವನ್ನು ಕಾರಿನಲ್ಲಿ ಒಯ್ದು ಕೆರೆಗೆ ಬಿಟ್ಟ. ಪ್ರದ್ಯುಮ್ನ ತಲೆ ತಗ್ಗಿಸಿ ಒಪ್ಪಿಕೊಂಡ.

ಪ್ರೇಮ್‌ಕುಮಾರ ಜೈಲಿನಿಂದ ಹೊರಬಂದ ದಿನ ಅವನ ತಾಯಿ ಪುಟ್ಟಲಿಂಗಮ್ಮ ಬಾಗಿಲಲ್ಲೇ ನಿಂತಿದ್ದರು. ಧರಣಿ ಆಟೊ ಕರೆಸಿದ್ದಳು.

"ಆಟೊ ಬ್ಯಾಡ ಬುಡಿ ಮೇಡಮ್ಮ. ನಡ್ಕಂಡೇ ಓಯ್ತೀವಿ. ಎಲ್ರೂ ನೋಡ್ಲಿ."

ಮಗನ ಕೈ ಹಿಡಿದು ರಸ್ತೆಯ ನಟ್ಟನಡುವೆ, ತಲೆಯೆತ್ತಿ ನಡೆದರು.